ಮಗಳು ಕುಟುಂಬ ಅಧ್ಯಯನ ಓದ್ತೀನಿ ಅಂತಾಳೆ, ಸೇರಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. 3 ಎಕರೆ ಅಡಿಕೆ ತೋಟ ಇದೆ. ಮಗಳು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಸಿಎಂಬಿಯಲ್ಲಿ ಪಿಯುಸಿ ಪಾಸಾಗಿದ್ದಾಳೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಸಿಇಟಿ ಬರೆದಿದ್ದಾಳೆ, ರೈತರ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಹೋಗಿ ಬಂದಳು. ಈಗ ‘ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಓದ್ತೀನಿ, ಮಕ್ಕಳ ಜೊತೆ, ಕಷ್ಟದಲ್ಲಿರೋ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡ್ತೀನಿ’ ಅಂತ ಹಟ ಹಿಡಿದಿದ್ದಾಳೆ. ನಮ್ಮ ಭಾವ ‘ಅಡುಗೆ, ಹೊಲಿಗೆ ಕಲಿಯೋಕೆ ಕಾಲೇಜ್ ಯಾಕೆ, ಮನೇಲೇ ಕಲಿಸು’ ಅಂತ ನಗುತ್ತಾರೆ. ಅಮೆರಿಕದಲ್ಲಿರೋ ಅಣ್ಣನ ಮಗ ‘ಇಲ್ಲಿ ಫ್ಯಾಮಿಲಿ ಸೈನ್ಸ್ ದೊಡ್ಡ ಡಿಗ್ರಿ, ಕಳಿಸಿ’ ಅಂತಾನೆ. ಇದರ ಮಧ್ಯೆ ಒಂದು ಖಾಸಗಿ ಸಂಸ್ಥೆಯವರು 6 ತಿಂಗಳಿಗೆ ಫ್ಯಾಮಿಲಿ ಕೌನ್ಸೆಲರ್ ಸರ್ಟಿಫಿಕೇಟ್ ಕೊಡ್ತೀವಿ ಅಂದರು, 5,000 ರೂಪಾಯಿ ಮುಂಗಡ ಕಟ್ಟಿಬಿಟ್ಟೆ. ಮಗಳು ಬಹಳ ಮೆದು. ಟಿವಿಯಲ್ಲಿ ಸುದ್ದಿ ನೋಡಿಯೂ ಅಳುತ್ತಾಳೆ. ಊರವರ ಸಂಸಾರದ ಗೋಳೆಲ್ಲ ಕೇಳಿ ಇವಳು ತಡ್ಕೊಳ್ತಾಳಾ? ಕೆಲಸ ಸಿಗುತ್ತಾ?

ಉತ್ತರ: ನೀವು ಕೇಳಿದ್ದು ಹಲವು ಪ್ರಶ್ನೆ. ಅವೆಲ್ಲದರ ಹಿಂದೆ ಇರುವ ಚಿಂತೆ ಒಂದೇ ಅನ್ನಿಸುತ್ತದೆ. ನರ್ಸಿಂಗ್ ಮುಗಿಸಿದರೆ ನರ್ಸ್, ಬಿಎಡ್ ಮುಗಿಸಿದರೆ ಟೀಚರ್. ಇದನ್ನು ಮುಗಿಸಿದರೆ ಮಗಳು ಏನಾಗುತ್ತಾಳೆ ಅಂತ ನೆಂಟರ ಮುಂದೆ ಹೇಳಲು ನಿಮ್ಮ ಹತ್ತಿರ ಒಂದು ಪದ ಇಲ್ಲ. ಈ ವಿಷಯ ಪಾಠ ಮಾಡುತ್ತಿದ್ದಾಗಲೂ, ಈಗ ದಾವಣಗೆರೆಯಲ್ಲಿ ಕುಟುಂಬಗಳ ಜೊತೆ ಆಪ್ತಸಮಾಲೋಚನೆ ಮಾಡುವಾಗಲೂ ಅಪ್ಪಂದಿರಿಂದ ನಾನು ಜಾಸ್ತಿ ಕೇಳಿರುವುದು ಇದನ್ನೇ. ಆ ಚಿಂತೆಗೆ ಕಾರಣ ಇಲ್ಲದೆ ಇಲ್ಲ. ಈ ಓದಿನಲ್ಲಿ ಮೊದಲ ಪದವಿ ನಿಮ್ಮ ಮಗಳನ್ನು ಯಾವ ಹುದ್ದೆಗೂ ತಂದು ನಿಲ್ಲಿಸುವುದಿಲ್ಲ. ಎರಡನೇ ಹೆಜ್ಜೆ ಎಲ್ಲಿಡುತ್ತಾಳೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ನಿಮ್ಮ ಭಾವನವರ ಮಾತನ್ನು ಮೊದಲು ಮುಗಿಸಿಬಿಡೋಣ. ಅದು ಅರ್ಧ ನಿಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮೊದಲು ಗೃಹ ವಿಜ್ಞಾನ ಅಂತ ಇದ್ದ ಪದವಿಗೆ ಈಗ ಸಮುದಾಯ ವಿಜ್ಞಾನ ಅಂತ ಹೆಸರು. ಬಿಎಸ್ಸಿ ಆನರ್ಸ್, 4 ವರ್ಷ, 8 ಸೆಮಿಸ್ಟರ್. ಅದರಲ್ಲಿ 5 ವಿಭಾಗ ಬರುತ್ತವೆ: ಆಹಾರ ಮತ್ತು ಪೋಷಣೆ, ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ, ಕುಟುಂಬದ ಸಂಪನ್ಮೂಲ ನಿರ್ವಹಣೆ, ಜವಳಿ ಮತ್ತು ಉಡುಪು ವಿನ್ಯಾಸ, ವಿಸ್ತರಣೆ ಮತ್ತು ಸಂವಹನ. ಪದವಿಯಲ್ಲಿ ಎಲ್ಲಾ ಐದನ್ನೂ ಓದಲೇಬೇಕು. ಅಂದರೆ ಬಟ್ಟೆಯ ನೂಲು ಎಣಿಸುವುದೂ ಇದೆ, ಊಟದಲ್ಲಿ ಪ್ರೋಟೀನ್ ಲೆಕ್ಕ ಹಾಕುವುದೂ ಇದೆ. ಮಗಳು ಬಯಸಿದ ವಿಷಯ ಐದರಲ್ಲಿ ಒಂದು. ಪೂರ್ತಿ ಅದನ್ನೇ ಓದುವುದು ಎಂಎಸ್ಸಿಯಲ್ಲಿ. ಇದನ್ನು ಅವಳಿಗೆ ಈಗಲೇ ಹೇಳಿ. ಗೊತ್ತಿಲ್ಲದೆ ಬಂದು ಎರಡನೇ ಸೆಮಿಸ್ಟರ್‌ನಲ್ಲಿ ‘ನಾನು ಇದಕ್ಕಾ ಬಂದಿದ್ದು’ ಅಂತ ಮುಖ ಸಣ್ಣ ಮಾಡಿಕೊಂಡ ಹುಡುಗಿಯರನ್ನು ನೋಡಿದ್ದೇನೆ.

ಹಾಗಾದರೆ ಆ ಒಂದು ವಿಭಾಗದಲ್ಲಿ ಕಲಿಸುವುದೇನು? ಹುಟ್ಟಿದಾಗಿನಿಂದ ಮುಪ್ಪಿನವರೆಗೆ ಮನುಷ್ಯ ಹೇಗೆ ಬೆಳೆಯುತ್ತಾನೆ, ಅವನ ಸುತ್ತಲಿನ ಮನೆ ಅವನನ್ನು ಏನು ಮಾಡುತ್ತದೆ, ಎಲ್ಲಿ ಎಡವಿದರೆ ಯಾರು ಏನು ಮಾಡಬಹುದು. ಕೇಳಲು ಸುಲಭ ಅನ್ನಿಸುತ್ತದೆ, ನಾವೆಲ್ಲ ಮನೆಯಲ್ಲೇ ಬೆಳೆದವರು ಅಲ್ವಾ? ಕಷ್ಟ ಗೊತ್ತಾಗುವುದು ಮೊದಲ ರೆಕಾರ್ಡ್ ಪುಸ್ತಕ ಬರೆಯುವಾಗ.

ವಿದ್ಯಾರ್ಥಿನಿಯನ್ನು ಅಂಗನವಾಡಿಗೆ ಕಳಿಸುತ್ತೇವೆ. ಒಂದು ಮಗುವನ್ನು ಆರಿಸಿಕೊಂಡು ಅರ್ಧ ಗಂಟೆ ಸುಮ್ನೆ ನೋಡಬೇಕು, ಕಂಡದ್ದನ್ನು ಬರೆಯಬೇಕು. ‘ಮಗು ಹಟ ಮಾಡಿತು’ ಅಂತ ಬರೆದುಕೊಂಡು ಬರುತ್ತಾಳೆ. ಅದರ ಮೇಲೆ ಕೆಂಪು ಗೆರೆ ಬೀಳುತ್ತದೆ. ಹಟ ಅನ್ನುವುದು ನಿನ್ನ ತೀರ್ಪು, ಕಂಡದ್ದು ಏನು? ಮತ್ತೆ ಹೋಗುತ್ತಾಳೆ. ಈ ಸಲ ಹೀಗಿರುತ್ತದೆ: ‘10.20. ಮಗು ಬಾಗಿಲ ಹತ್ತಿರ ನಿಂತಿದೆ. ಟೀಚರ್ ಕೈ ಹಿಡಿದಾಗ ಕೊಸರಿಕೊಂಡಿತು. ರಸ್ತೆ ಕಡೆ ಮತ್ತೆ ಮತ್ತೆ ನೋಡಿತು. ಅಜ್ಜಿ ತಿರುಗಿ ಬಂದು ಹೊಸ್ತಿಲಲ್ಲಿ ಕೂತ ಮೇಲೆ ಅಳು ನಿಂತಿತು. ಒಂದು ಕೈಯಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡೇ ಬ್ಲಾಕ್ ಜೋಡಿಸಿತು.’ ಈಗ ಹಟ ಎಲ್ಲಿದೆ? ಬಿಟ್ಟು ಹೋಗುತ್ತಾರೆ ಅನ್ನುವ ಭಯ ಕಾಣುತ್ತಿದೆ. ಹಟಕ್ಕೆ ಗದರಿಸುತ್ತಾರೆ. ಭಯಕ್ಕಾದರೆ ಅಜ್ಜಿಯನ್ನು ಒಂದು ವಾರ ದಿನಾ ಸ್ವಲ್ಪ ಹೊತ್ತು ಕೂರಿಸಿಕೊಂಡು, ಆ ಹೊತ್ತನ್ನು ನಿಧಾನಕ್ಕೆ ಕಡಿಮೆ ಮಾಡುತ್ತಾರೆ. ಇದೇ ಕಣ್ಣು ಮುಂದೆ ಕುಡಿಯುವ ಗಂಡ, ಮಾತು ಬಿಟ್ಟ ಅತ್ತೆ, ಕಾಲೇಜಿಗೆ ಹೋಗಲ್ಲ ಅನ್ನುವ ಮಗ ಎದುರಿಗೆ ಕೂತಾಗ ಕೆಲಸಕ್ಕೆ ಬರುತ್ತದೆ. ಇದನ್ನು ಯಾವ ಮನೆಯಲ್ಲೂ ಹೇಳಿಕೊಡುವುದಿಲ್ಲ. ನಿಮ್ಮ ಭಾವನವರಿಗೆ ಬೇಕಾದರೆ ಒಂದು ಅರ್ಧ ಗಂಟೆ ಮೊಮ್ಮಗನನ್ನು ನೋಡಿ ಹೀಗೆ ಬರೆಯಲು ಹೇಳಿ!

ಇನ್ನೊಂದು ಮುಖ್ಯ ಪಾಠ, ಮನೆಯ ಕಷ್ಟಕ್ಕೆ ಕಾರಣ ಮನೆಯೊಳಗೇ ಇರಬೇಕಾಗಿಲ್ಲ ಅನ್ನುವುದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯ ಒಂದು ಅಂಗನವಾಡಿ ಅಂದುಕೊಳ್ಳಿ. 4 ವರ್ಷದ ಮಗು 11 ಗಂಟೆಗೆಲ್ಲ ಚಾಪೆ ಮೇಲೆ ನಿದ್ದೆ ಹೋಗುತ್ತದೆ. ‘ತಾಯಿಗೆ ಜವಾಬ್ದಾರಿ ಇಲ್ಲ, ರಾತ್ರಿ ಟಿವಿ ನೋಡಿಸ್ತಾಳೆ’ ಅಂತ ಎಲ್ಲರೂ ಹೇಳುತ್ತಾರೆ. ವಿಚಾರಿಸಿದರೆ ಅಪ್ಪ ಅಮ್ಮ ಇಬ್ಬರೂ ನಸುಕಿಗೆ ಭಟ್ಟಿಗೆ ಹೋಗುತ್ತಾರೆ, ಅವರು ಏಳುವ ಸದ್ದಿಗೆ ಒಂದೇ ಕೋಣೆಯ ಮನೆಯಲ್ಲಿ ಮಗುವೂ ಏಳುತ್ತದೆ. ಮಗು ಆ ಭಟ್ಟಿಯನ್ನು ಕಣ್ಣಿಂದ ನೋಡಿಲ್ಲ, ಆದರೂ ಅದರ ನಿದ್ದೆಯ ಲೆಕ್ಕ ಭಟ್ಟಿಯ ಹತ್ತಿರ ಇದೆ. ಯೂರಿ ಬ್ರಾನ್‌ಫೆನ್‌ಬ್ರೆನ್ನರ್ ಅನ್ನುವ ಮನಶ್ಶಾಸ್ತ್ರಜ್ಞ 1979ರಲ್ಲಿ ಬರೆದದ್ದು ಇದನ್ನೇ. ಮಗುವಿನ ಸುತ್ತ ಪದರ ಪದರವಾಗಿ ಮನೆ, ಶಾಲೆ, ತಂದೆತಾಯಿಯ ಕೆಲಸದ ಜಾಗ, ಊರಿನ ಕಟ್ಟಳೆ, ಸರ್ಕಾರದ ನೀತಿ ಎಲ್ಲ ಇರುತ್ತವೆ, ದೂರದ ಪದರ ಅಲುಗಿದರೂ ಒಳಗಿನ ಮಗುವಿಗೆ ತಟ್ಟುತ್ತದೆ. ಜಗಳೂರಿನಲ್ಲಿ ಮಳೆ ಕೈಕೊಟ್ಟು ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋದಾಗ ಅಜ್ಜಿ ಜೊತೆ ಉಳಿದ ಹುಡುಗಿಗೆ 16ಕ್ಕೇ ಗಂಡು ನೋಡುವುದು ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಅಜ್ಜಿಯನ್ನು ಬೈದು ಬರುವುದು ಸುಲಭ. ಮದುವೆ ತಡೆಯಬೇಕು, ಅದು ಕಾನೂನು. ಆಮೇಲೆ ಆ ಹುಡುಗಿ ಯಾವ ಹಾಸ್ಟೆಲ್‌ನಲ್ಲಿರಬೇಕು, ಅಜ್ಜಿಯ ಪಿಂಚಣಿ ಯಾಕೆ ನಿಂತಿದೆ ಅಂತ ನೋಡುವವರೂ ಒಬ್ಬರು ಬೇಕು.

ಇದು ಬೇರೆಯವರ ಮನೆ ಜಗಳ ಬಿಡಿಸುವ ಕೆಲಸ ಅನ್ನುವ ಭಾವನೆಯೂ ಇದೆ. ರಾಜಿ ಪಂಚಾಯ್ತಿ ಮಾಡಿ ಗಂಡ ಹೆಂಡತಿಯನ್ನು ಒಂದು ಮಾಡಿ ಕಳಿಸುವುದು ಆಪ್ತಸಮಾಲೋಚಕರ ಗುರಿ ಅಲ್ಲ. ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ‘ಹೊಂದಿಕೊಂಡು ಹೋಗಮ್ಮ’ ಅನ್ನುವುದು ನಮ್ಮಲ್ಲಿ ದೊಡ್ಡ ತಪ್ಪು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಇರುತ್ತಾರೆ, ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ (ಸಿಡಿಪಿಒ) ಆ ಹೊಣೆ ಇದೆ. ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆ ಒಂದೇ ಕಡೆ ನೆರವು ಸಿಗುವ ಸಖಿ ಕೇಂದ್ರ, 181 ಮಹಿಳಾ ಸಹಾಯವಾಣಿ ಇವೆ. ಯಾವಾಗ ಮಾತು, ಯಾವಾಗ ಪೊಲೀಸ್, ಯಾವಾಗ ಆಸ್ಪತ್ರೆ ಅನ್ನುವುದನ್ನು ಕಲಿಯುವುದೇ ಓದಿನ ಅರ್ಧ ಭಾಗ.

ಆ 6 ತಿಂಗಳ ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ನನಗೆ ಸಿಟ್ಟು ಬರುವುದು ಇಲ್ಲೇ. ‘ಕೌನ್ಸೆಲರ್’ ಅಂತ ಬೋರ್ಡ್ ಹಾಕಿಕೊಳ್ಳುವುದನ್ನು ನಮ್ಮಲ್ಲಿ ಇಷ್ಟು ದಿನ ಯಾರೂ ಗಟ್ಟಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೇ ಈ ಅಂಗಡಿಗಳು ಹುಟ್ಟಿಕೊಂಡವು. ಈಗ ಗಾಳಿ ಬದಲಾಗುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ತಂದಿದೆ. ಅದರ ಪಟ್ಟಿಯಲ್ಲಿ ಮನಶ್ಶಾಸ್ತ್ರಜ್ಞರು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಆರೋಗ್ಯ ಕ್ಷೇತ್ರದ ಆಪ್ತಸಮಾಲೋಚಕರು ಎಲ್ಲ ಸೇರಿದ್ದಾರೆ. ಇಂಥ ವೃತ್ತಿಗಳಿಗೆ ನಿಗದಿತ ಓದು, ನೋಂದಣಿ ಕೇಳುವ ದಿಕ್ಕಿನಲ್ಲಿ ವ್ಯವಸ್ಥೆ ಹೋಗುತ್ತಿದೆ. ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಕಲಿಸುವುದನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ ನಿಲ್ಲಿಸಿದೆ. ಪದವಿಗೇ ಹೀಗಿರುವಾಗ ಖಾಸಗಿ ಸಂಸ್ಥೆಯೊಂದು ಅಚ್ಚು ಹಾಕಿ ಕೊಡುವ ಸರ್ಟಿಫಿಕೇಟ್ ಎಷ್ಟು ದಿನ ನಿಲ್ಲುತ್ತದೆ?

ಉದ್ಯೋಗದ ಮಾತು ಬಿಡಿ, ಅಪಾಯ ಬೇರೆಯೇ ಇದೆ. ನಿಮ್ಮ ಮಗಳ ಮುಂದೆ 14 ವರ್ಷದ ಹುಡುಗಿ ಕೂತು, ಚಿಕ್ಕಪ್ಪ ತನಗೆ ಏನು ಮಾಡಿದ ಅಂತ ಹೇಳಿದಳು ಅಂದುಕೊಳ್ಳಿ. ‘ಯಾರಿಗೂ ಹೇಳಬೇಡಿ ಅಕ್ಕ’ ಅಂತಾಳೆ. ಹೊರಗೆ ತಾಯಿ ‘ಮನೆ ಮರ್ಯಾದೆ’ ಅಂತ ಕೈ ಮುಗಿಯುತ್ತಾರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಶಿಕ್ಷೆಯೂ ಆಗಬಹುದು. ಆ ಹುಡುಗಿಗೆ ಸುಳ್ಳು ಭರವಸೆ ಕೊಡದೆ, ಅವಳ ನಂಬಿಕೆಯನ್ನೂ ಮುರಿಯದೆ ಇದನ್ನು ಮಾಡುವುದು ಹೇಗೆ ಅನ್ನುವುದು ಶನಿವಾರ-ಭಾನುವಾರದ ಕ್ಲಾಸಿನಲ್ಲಿ ಬರುವ ವಿದ್ಯೆ ಅಲ್ಲ. ಮೇಲಿನವರೊಬ್ಬರು ಪಕ್ಕದಲ್ಲಿ ಕೂತು, ತಿದ್ದಿ, ಮತ್ತೆ ಮಾಡಿಸಿ ಕಲಿಸಬೇಕು.

ಈಗ ದಾರಿಗಳು. ಮಗಳು ‘ಮಕ್ಕಳ ಜೊತೆ’ ಅಂದಿದ್ದಾಳೆ, ‘ಕಷ್ಟದಲ್ಲಿರೋ ಹೆಣ್ಣುಮಕ್ಕಳ ಜೊತೆ’ ಅಂತಲೂ ಅಂದಿದ್ದಾಳೆ. ಇವೆರಡಕ್ಕೂ ಹೆದ್ದಾರಿ ಬೇರೆ ಬೇರೆ, ಮಧ್ಯದಲ್ಲಿ ಅಡ್ಡರಸ್ತೆಗಳಿವೆ.

ಮೊದಲನೆಯದು ಧಾರವಾಡ. ಪಿಸಿಎಂಬಿ ಓದಿ ಸಿಇಟಿ ಬರೆದಿರುವುದರಿಂದ ಇದಕ್ಕೆ ಅರ್ಹತೆ ಇದೆ, ರೈತರ ಕೋಟಾ ಇರುವುದು ನಿಮಗೆ ಅನುಕೂಲ. ಸರ್ಕಾರಿ ವಿಶ್ವವಿದ್ಯಾಲಯ, ಹಾಸ್ಟೆಲ್ ಇದೆ, ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕೆಲಸ ಮಾಡುವುದೂ ಪಠ್ಯದಲ್ಲೇ ಇದೆ. ಮಕ್ಕಳ ಬೆಳವಣಿಗೆ, ಅಂಗನವಾಡಿ ವ್ಯವಸ್ಥೆ, ಪೋಷಣೆ ಕಡೆ ಹೋಗುವವರಿಗೆ ಇದಕ್ಕಿಂತ ಗಟ್ಟಿ ಅಡಿಪಾಯ ನಮ್ಮ ಭಾಗಕ್ಕೆ ಹತ್ತಿರದಲ್ಲಿ ಇಲ್ಲ. ಅಲ್ಲೇ ಮಾನವ ಅಭಿವೃದ್ಧಿಯಲ್ಲಿ ಎಂಎಸ್ಸಿ, ಪಿಎಚ್‌ಡಿಯೂ ಇವೆ. ತೊಂದರೆ ಏನು? ಸೀಟಿಗಾಗಿ ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಹಾಕುವ ಆಪ್ಷನ್ ಎಂಟ್ರಿಯಲ್ಲಿ ತುಂಬ ಜನ ಅಗ್ರಿ, ಹಾರ್ಟಿಕಲ್ಚರ್ ಎಲ್ಲ ಹಾಕಿ ಕೊನೆಗೆ ಇದನ್ನು ಹಾಕುತ್ತಾರೆ. ಹಾಗಾಗಿ ಬೇಡದೆ ಬಂದವರ ನಡುವೆ ಬೇಕೆಂದು ಬಂದವಳು ಮೊದಲ ವರ್ಷ ಸ್ವಲ್ಪ ಒಂಟಿ ಆಗುತ್ತಾಳೆ. ತಡೆದುಕೊಂಡರೆ ಅದೇ ಲಾಭ, ಆಸಕ್ತಿ ಇರುವ ಹುಡುಗಿಯನ್ನು ಮೇಷ್ಟ್ರುಗಳು ಬೇಗ ಗುರುತಿಸುತ್ತಾರೆ. ಬೆಂಗಳೂರಿನಲ್ಲೂ ಹೆಣ್ಣುಮಕ್ಕಳ ಸರ್ಕಾರಿ ಗೃಹ ವಿಜ್ಞಾನ ಕಾಲೇಜು ಇದೆ, ಆದರೆ ಖರ್ಚು ಜಾಸ್ತಿ.

ಎರಡನೆಯದು ಸಮಾಜ ಕಾರ್ಯ. ಹತ್ತಿರದಲ್ಲೇ ಯಾವುದಾದರೂ ಪದವಿ, ಆಮೇಲೆ ಸಮಾಜ ಕಾರ್ಯದ 2 ವರ್ಷದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು. 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ 3 ವರ್ಷಕ್ಕೆ ಬಂದಿದೆ, ಅಂದರೆ ಒಟ್ಟು 5 ವರ್ಷ. ದಾವಣಗೆರೆ ವಿಶ್ವವಿದ್ಯಾಲಯದಲ್ಲೇ, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಎಂಎಸ್‌ಡಬ್ಲ್ಯು ಇದೆ. ಇದರ ಜೀವ ಇರುವುದು ಕ್ಷೇತ್ರಕಾರ್ಯದಲ್ಲಿ. ವಾರದಲ್ಲಿ ನಿಗದಿತ ದಿನ ಆಸ್ಪತ್ರೆಗೋ ಬಾಲಮಂದಿರಕ್ಕೋ ಸ್ಲಂಗೋ ಹೋಗಿ, ರಾತ್ರಿ ವರದಿ ಬರೆಯಬೇಕು. ಸೇರುವ ಮೊದಲು ಹಳೆಯ ವಿದ್ಯಾರ್ಥಿಗಳನ್ನು ಒಂದೇ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಕ್ಷೇತ್ರಕಾರ್ಯದ ವರದಿಯನ್ನು ಯಾರಾದರೂ ಓದಿ ತಿದ್ದುತ್ತಿದ್ದರಾ?’ ಸಹಿ ಹಾಕಿ ಕೊಡುತ್ತಿದ್ದರು ಅಂದರೆ ಬೇರೆ ಕಾಲೇಜು ಹುಡುಕಿ. ಮುಂದೆ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಧಾರವಾಡದ ಡಿಮ್ಹಾನ್ಸ್‌ನಲ್ಲೋ ಮನೋವೈದ್ಯಕೀಯ ಸಮಾಜ ಕಾರ್ಯಕ್ಕೆ ಪ್ರಯತ್ನಿಸಲು ಎಂಎಸ್‌ಡಬ್ಲ್ಯು ಬೇಕೇ ಬೇಕು. ಸೀಟು ಕಡಿಮೆ, ಪೈಪೋಟಿ ಜೋರು.

ಮೂರನೆಯದು ಮನೋವಿಜ್ಞಾನ. ಕಾಯಿಲೆಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ಆ ವಿಷಯದ ಓದು, ಆಮೇಲೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ಕುಟುಂಬ ಅಧ್ಯಯನದ ಎಂಎಸ್ಸಿ ಇಟ್ಟುಕೊಂಡು ಈ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ನಿಮ್ಮ ಪತ್ರದಲ್ಲಿ ಚಿಕಿತ್ಸೆಯ ಮಾತಿಲ್ಲ, ಆದ್ದರಿಂದ ಇದನ್ನು ಎಳೆಯುವುದಿಲ್ಲ. ಬುದ್ಧಿಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಕಲಿಸುವ ಆಸೆ ಇದ್ದರೆ ವಿಶೇಷ ಬಿಎಡ್ ಇದೆ, ಅದಕ್ಕೂ ಇದೇ ಮಂಡಳಿಯ ನೋಂದಣಿ.

ನನ್ನನ್ನು ಕೇಳಿದರೆ, ಕೈಯಲ್ಲಿ ಸಿಇಟಿ ರ‍್ಯಾಂಕ್ ಇರುವಾಗ ಧಾರವಾಡವನ್ನು ಬಿಡಬೇಡಿ. ಅಲ್ಲಿ ಪದವಿ ಮುಗಿಸಿದವಳು ಎಂಎಸ್‌ಡಬ್ಲ್ಯುಗೆ ಬರಬಹುದು, ಅದಕ್ಕೆ ಸಾಮಾನ್ಯವಾಗಿ ಯಾವ ಪದವಿಯಾದರೂ ನಡೆಯುತ್ತದೆ. ಬಿಎ ಮುಗಿಸಿದವಳು ಸಮುದಾಯ ವಿಜ್ಞಾನದ ಎಂಎಸ್ಸಿಗೆ ಹೋಗುವುದು ಆಗದ ಮಾತು. ಒಂದು ವರ್ಷ ಜಾಸ್ತಿ ಆಗುತ್ತದೆ, ಆದರೆ ಎರಡೂ ದಾರಿ ತೆರೆದಿರುತ್ತವೆ.

ಕೆಲಸ? ಸಿಗುತ್ತದೆ, ಆದರೆ ಸಂಬಳದ ವಿಷಯದಲ್ಲಿ ಕನಸು ಕಾಣಬೇಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲ್ವಿಚಾರಕಿ, ಸಿಡಿಪಿಒ ಹುದ್ದೆಗಳು ಖಾಯಂ, ಒಳ್ಳೆಯವು. ನೇಮಕಾತಿ ಮಾತ್ರ ವರ್ಷಗಟ್ಟಲೆ ಬರುವುದಿಲ್ಲ, ಬಂದಾಗ ಸ್ಪರ್ಧಾತ್ಮಕ ಪರೀಕ್ಷೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರಗಳಲ್ಲಿ ಬಹುಪಾಲು ಗುತ್ತಿಗೆ ಕೆಲಸ, ಅನುದಾನ ತಡವಾದರೆ ಸಂಬಳವೂ ತಡ. ಖಾಸಗಿ ಪ್ರೀಸ್ಕೂಲುಗಳು ಬೋರ್ಡಿಗೆ ಖರ್ಚು ಮಾಡಿದಷ್ಟು ಟೀಚರಿಗೆ ಕೊಡುವುದಿಲ್ಲ. ಆಸ್ಪತ್ರೆ, ದೊಡ್ಡ ಸ್ವಯಂಸೇವಾ ಸಂಸ್ಥೆಗಳು ಪರವಾಗಿಲ್ಲ. ಪಾಠ ಮಾಡುವ ಆಸೆ ಇದ್ದರೆ ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ನೆಟ್ ಪರೀಕ್ಷೆಯಲ್ಲಿ ಗೃಹ ವಿಜ್ಞಾನವೂ ಇದೆ, ಸಮಾಜ ಕಾರ್ಯವೂ ಇದೆ. 1984ರ ಕಾಯ್ದೆಯಂತೆ ಕೌಟುಂಬಿಕ ನ್ಯಾಯಾಲಯಗಳಲ್ಲಿ ಸಮಾಲೋಚಕರಿಗೆ ಜಾಗ ಇದೆ. ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಾಗಲು ಬೇಕಾದ ಪದವಿಗಳನ್ನು ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ ಹೆಸರಿಟ್ಟು ಹೇಳುತ್ತದೆ. ಕಾನೂನು, ಸಮಾಜ ಕಾರ್ಯ, ಮಕ್ಕಳ ಮನಶ್ಶಾಸ್ತ್ರದ ಜೊತೆ ಆ ಪಟ್ಟಿಯಲ್ಲಿ ಮಾನವ ಅಭಿವೃದ್ಧಿಯೂ ಇದೆ. ಅದಕ್ಕೆ ವರ್ಷಗಳ ಅನುಭವ ಬೇಕು, ಓದಿ ಬಂದ ತಕ್ಷಣ ಸಿಗುವಂಥದ್ದಲ್ಲ. ಆದರೂ ಮುಂದಿನ ಸಲ ಯಾರಾದರೂ ನಕ್ಕಾಗ ಹೇಳಲು ಚೆನ್ನಾಗಿದೆ.

ಅಮೆರಿಕದ ವಿಷಯ. ಅಣ್ಣನ ಮಗ ಸುಳ್ಳು ಹೇಳಿಲ್ಲ. ಅಲ್ಲಿ ಫ್ಯಾಮಿಲಿ ಸೈನ್ಸ್, ಹ್ಯೂಮನ್ ಸರ್ವೀಸಸ್ ಅಂತ ಪದವಿಗಳಿವೆ. ಈ ಕ್ಷೇತ್ರದ ರಾಷ್ಟ್ರೀಯ ಸಂಘ 1938ರಿಂದ ಇದೆ, ಅದು ಕುಟುಂಬ ಜೀವನ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುತ್ತದೆ. ಪೋಷಕತ್ವ, ಹಣಕಾಸು, ಲೈಂಗಿಕತೆ, ಕಾನೂನು ಹೀಗೆ 10 ವಿಷಯಗಳಲ್ಲಿ ಓದಿರಬೇಕು. ಅಲ್ಲಿಯೂ ಆ ಪದವಿಯೊಂದರಿಂದ ಚಿಕಿತ್ಸಕಿ ಆಗಲು ಬರುವುದಿಲ್ಲ. ಕುಟುಂಬ ಚಿಕಿತ್ಸೆಗೆ ಸ್ನಾತಕೋತ್ತರ ಪದವಿ, ಆಯಾ ರಾಜ್ಯದ ಲೈಸೆನ್ಸ್ ಬೇರೆ. ಅಲ್ಲಿನ ಫೀಸಿಗೆ ಅಡಿಕೆ ತೋಟ ಅಡ ಇಟ್ಟು, ಅಲ್ಲಿನ ಕುಟುಂಬದ ಕಾನೂನು ಕಲಿತು, ಚನ್ನಗಿರಿಯ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವುದು ಸುತ್ತು ದಾರಿ. ಎಂಎಸ್ಸಿ ಆದ ಮೇಲೆ ವಿದ್ಯಾರ್ಥಿವೇತನ ಸಿಕ್ಕಿ ಪಿಎಚ್‌ಡಿಗೆ ಹೋಗುವುದಾದರೆ ಆಗ ನೋಡಿ.

ಇನ್ನು ಅಳುವ ವಿಷಯ. ಟಿವಿ ನೋಡಿ ಅಳುವವಳು ಈ ಕೆಲಸಕ್ಕೆ ಆಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಹೆದರುವುದು ಅಳದವರ ಬಗ್ಗೆ, ಎರಡೇ ವರ್ಷದಲ್ಲಿ ‘ಇವರದ್ದೆಲ್ಲ ಇದೇ ಕಥೆ’ ಅನ್ನುವವರ ಬಗ್ಗೆ. ಆದರೆ ನೀವು ಕೇಳಿದ್ದರಲ್ಲಿ ಹುರುಳಿದೆ. ದಿನಾ ಬೇರೆಯವರ ನೋವು ಕೇಳುವವರಿಗೆ ನಿದ್ದೆ ಕೆಡುತ್ತದೆ, ಸಣ್ಣದಕ್ಕೂ ರೇಗುತ್ತದೆ, ದೇವಸ್ಥಾನದ ಜಾತ್ರೆಯಲ್ಲೂ ಮಕ್ಕಳನ್ನು ಕಂಡರೆ ಯಾರು ಏನು ಮಾಡಿಬಿಡ್ತಾರೋ ಅನ್ನಿಸುತ್ತದೆ. ಅದಕ್ಕೇ ಒಳ್ಳೆಯ ಸಂಸ್ಥೆಗಳಲ್ಲಿ ಹಿರಿಯರೊಬ್ಬರ ಹತ್ತಿರ ನಿಯಮಿತವಾಗಿ ಕೂತು ಮಾತಾಡುವ ಏರ್ಪಾಡು ಇರುತ್ತದೆ. ಮೊದಲ ಕೆಲಸ ಹುಡುಕುವಾಗ ಸಂಬಳಕ್ಕಿಂತ ಮೊದಲು ಅದನ್ನು ಕೇಳಲು ಹೇಳಿ. ಇನ್ನೊಂದು ಕಷ್ಟ ನಿಮ್ಮ ಮನೆಯಲ್ಲೇ ಶುರುವಾಗುತ್ತದೆ. ನಮ್ಮ ಜಿಲ್ಲೆ ಎಷ್ಟು ದೊಡ್ಡದು ಅಂದರೂ ಬಂದವರು ಯಾರಾದರೂ ನೆಂಟರ ನೆಂಟರೇ ಆಗಿರುತ್ತಾರೆ. ‘ಯಾರು ಬಂದಿದ್ರು, ಏನಂತೆ?’ ಅಂತ ಊಟಕ್ಕೆ ಕೂತಾಗ ನೀವು ಕೇಳಬಾರದು, ಕೇಳಿದರೂ ಅವಳು ಹೇಳಬಾರದು.

ಅವಳಿಗೆ ಇದು ಹಿಡಿಸುತ್ತದಾ ಅಂತ ನೋಡಲು ದುಡ್ಡು ಬೇಕಾಗಿಲ್ಲ. ಸಿಇಟಿ ಸೀಟು ಹಂಚಿಕೆ ಶುರುವಾಗುವವರೆಗೆ ನಿಮ್ಮೂರಿನ ಅಂಗನವಾಡಿಗೆ, ಕಾರ್ಯಕರ್ತೆಯನ್ನು ಕೇಳಿ, ವಾರಕ್ಕೆ ಎರಡು ದಿನ ಹೋಗಿ ಕೂರಲಿ. ಮೇಲೆ ಹೇಳಿದಂತೆ ಒಂದು ಮಗುವನ್ನು ನೋಡಿ ಬರೆಯಲಿ. ಬೇಜಾರಾದರೆ ಈಗಲೇ ಗೊತ್ತಾಗುತ್ತದೆ. ಆಪ್ಷನ್ ಎಂಟ್ರಿಯಲ್ಲಿ ಸಮುದಾಯ ವಿಜ್ಞಾನವನ್ನು ಮೇಲೆ ಹಾಕುವಾಗ ಅವಳ ಕೈಯಿಂದಲೇ ಹಾಕಿಸಿ, ಸೈಬರ್ ಸೆಂಟರ್‌ನವರ ಕೈಗೆ ಬಿಡಬೇಡಿ. ರೈತರ ಕೋಟಾದ ಪ್ರಮಾಣಪತ್ರ, ಆದಾಯ ಮತ್ತು ಜಾತಿ ಪ್ರಮಾಣಪತ್ರಗಳ ಹೆಸರು, ಇನಿಷಿಯಲ್ ಅಂಕಪಟ್ಟಿಗೆ ತಾಳೆ ಆಗುತ್ತವಾ ಅಂತ ನೋಡಿಕೊಳ್ಳಿ. ವರ್ಷವೂ ಸೀಟು ಕೈತಪ್ಪುವುದು ಇಂಥದ್ದಕ್ಕೇ.

ಮುಂಗಡ ಕೊಟ್ಟ 5,000 ರೂಪಾಯಿ: ರಸೀದಿ ಇದ್ದರೆ ಜೋಪಾನ ಮಾಡಿ. ಕೋರ್ಸ್ ಬೇಡ, ಹಣ ವಾಪಸ್ ಕೊಡಿ ಅಂತ ಬಾಯಲ್ಲಿ ಹೇಳದೆ ಬರೆದು ಕೊಡಿ, ವಾಟ್ಸಾಪ್‌ನಲ್ಲೂ ಕಳಿಸಿ. ಅವರ ಸರ್ಟಿಫಿಕೇಟ್‌ಗೆ ಯಾವ ವಿಶ್ವವಿದ್ಯಾಲಯದ ಮಾನ್ಯತೆ ಇದೆ ಅಂತ ಅದೇ ಪತ್ರದಲ್ಲಿ ಕೇಳಿ. ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದಕ್ಕೆ ವಕೀಲರು ಬೇಕಾಗಿಲ್ಲ.